ಏರ್ ಫಿಲ್ಟರು

ಪೆರ್ಲದ ಪೇಟೆ ದಾಟಿ, ಇಳಿಜಾರು ಮುಗಿಯುವಲ್ಲಿ
ನನ್ನ ಗ್ಯಾರೇಜು. ಬೋರ್ಡಿಲ್ಲ. ಹಲಸಿನ ಮರವೇ ಗುರುತು.
ಅದರಡಿ ಮೊನ್ನೆಯಿಂದ ನಿಂತಿದೆ ಅಂದುಞಿಯ ಬಿಳಿ ಕಾರು.
ಜಪಾನಿನದು. ಶಾರ್ಜಾದ ಯಾರ್ಡಿನಲ್ಲಿ ಒಂದು ಬೇಸಗೆ ಒಣಗಿ
ಹಡಗು ಹತ್ತಿ ಬಂದದ್ದು.

"ಸ್ಟಿಯರಿಂಗ್ ನೋಡು, ಬಲಕ್ಕೇ ಉಂಟು, ನಮ್ಮ ಹಾಗೆ,"
ಎಂದ ಅಂದುಞಿ, ನೆಂಟನ ಪರಿಚಯ ಮಾಡಿಸುವವನಂತೆ.
ಗುಜರಿಯ ದರ. ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ.
ನಾನು ಕೇಳಿದೆ: ಅಲ್ಲಿ ಅಣುಸ್ಥಾವರ ಒಡೆಯಿತಲ್ಲ,
ಟೀವಿಯಲ್ಲಿ ತೋರಿಸಿದ್ದರಲ್ಲ, ಕಡಲು ಒಳಗೆ ಬಂದದ್ದು,
ಇದು ಅದರ ಹತ್ತಿರದ್ದೋ, ದೂರದ್ದೋ?

ಅವನು ಡ್ಯಾಶಿನಿಂದ ಒಂದು ಕಾಗದ ತೆಗೆದ.
"ಮೀಟರು ಹಿಡಿದೇ ಬಿಟ್ಟದ್ದು ಮಾರಾಯ, ಟಿಕ್ ಟಿಕ್ ಅಂತ.
ಇಕೋ, ಸೀಲು."
ಸೀಲು ಕೆಂಪು. ಅಕ್ಷರಗಳು ಪುಟ್ಟ ಪುಟ್ಟ ಮನೆಗಳು,
ಮಾಡು, ಕಿಟಕಿ, ಬಾಗಿಲು ಎಲ್ಲ ಇದ್ದು
ಒಳಗೆ ಯಾರಾದರೂ ಇದ್ದಾರೋ ತಿಳಿಯದು.
ಆದೀತು ಎಂದೋ, ಆಗದು ಎಂದೋ?
ಕೆಂಪು ಎರಡಕ್ಕೂ ಒಗ್ಗುತ್ತದೆ.

ಓದಲಾಗದ ಕಾಗದ ನನಗೆ ಹೊಸತಲ್ಲ.
ನಾನು ಮೂರನೇ ಕ್ಲಾಸು. ಗೇರುತೋಟದವರು ಮನೆಮನೆಗೆ
ಒಂದು ನೋಟೀಸು ಹಂಚಿದ್ದರು, ಮಲಯಾಳದಲ್ಲಿ.
ಮನೆಯಲ್ಲಿ ಕನ್ನಡವನ್ನಾದರೂ ತಡವರಿಸಿ ಓದುವವನು ನಾನೊಬ್ಬ.
ಅಮ್ಮ ಅದರಲ್ಲಿ ಒಣಮೀನು ಕಟ್ಟಿಟ್ಟಳು.
ಮರುದಿನ ಹೆಲಿಕಾಪ್ಟರು. ಇಡೀ ಶಾಲೆ ಅಂಗಳಕ್ಕೆ ಓಡಿತು.
ಕೈ ಬೀಸಿದೆವು. ಮುಖಕ್ಕೆ ತಣ್ಣಗೆ ಏನೋ ಬಿತ್ತು,
ನಕ್ಕೆವು.
ನೋಟೀಸಿನಲ್ಲಿ ಇದ್ದದ್ದೇನೆಂದು ಎಷ್ಟೋ ದಿನ ಕಳೆದು ಯಾರೋ ಹೇಳಿದರು:
ಬಾವಿ ಮುಚ್ಚಿಕೊಳ್ಳಿ.

ವಾರಿಜ ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.
ಈಗ ಇಪ್ಪತ್ತೈದು. ಎತ್ತಿ ತಂದು ಬಾಗಿಲಲ್ಲಿ ಕೂರಿಸಿದರೆ
ಹಾರ್ನು ಬೇಕೆನ್ನುತ್ತಾಳೆ, ಬಾಯಿಯಿಂದಲ್ಲ, ಬೆರಳಿನಿಂದ.
ಬಂದ ಗಾಡಿ ಯಾವುದೇ ಇರಲಿ, ಒಮ್ಮೆ ಹೊಡೆದು ಕೇಳಿಸಬೇಕು.
ದೊಡ್ಡ ಡಾಕ್ಟರುಗಳು ಬಂದಿದ್ದರು, ರಕ್ತ ತೆಗೆದಿದ್ದರು.
ಅದರಿಂದಲೇ ಎನ್ನಲಾಗದು, ಅಲ್ಲ ಎನ್ನಲೂ ಆಗದು.
ಮೀಟರು ಮಾತ್ರ ಯಾರೂ ತರಲಿಲ್ಲ.

ಬಾನೆಟ್ ಎತ್ತಿ ಏರ್ ಫಿಲ್ಟರು ತೆಗೆದೆ.
ಬೂದು. ಮಡಿಕೆ ಮಡಿಕೆಯಲ್ಲೂ ನವುರು ಧೂಳು,
ಶಾರ್ಜಾದ ಮರಳೋ, ಅದಕ್ಕಿಂತ ಹಿಂದಿನದೋ.
ಎಲೆಯ ಒಂದು ಚೂರು, ಈ ಕಡೆಯ ಮರದ್ದಲ್ಲ.
ಊರಿಗೆ ಊರೇ ಬಿಟ್ಟು ಹೊರಟ ದಿನ, ಸಾಲಿನಲ್ಲಿ ನಿಂತು,
ಈ ಗಾಡಿ ಎಷ್ಟು ಉಸಿರು ಎಳೆದುಕೊಂಡಿತೋ.

ಹದಿನೇಳು ವರ್ಷದಿಂದ ನಾನು ಫಿಲ್ಟರು ಬಡಿಯುವುದು
ಹಲಸಿನ ಬುಡಕ್ಕೆ. ಬಡಿದು, ಬಾಯಿಯಿಂದ ಊದಿ.
ಈ ಸಲ ಮೇಲೆತ್ತಿದ ಕೈ ಅಲ್ಲೇ ನಿಂತಿತು.
ಹತ್ತು ಹೆಜ್ಜೆಗೆ ಬಾವಿ.

"ಎಂತ ಮಾರಾಯ, ಧೂಳು ಅದು," ಅಂದುಞಿ ನಕ್ಕ.
ಇದ್ದೀತು. ಬರೀ ಧೂಳೇ ಇದ್ದೀತು.
ಅವನ ಮೊಮ್ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುವ ಗಾಡಿ.

ಹಳೆಯ ಗ್ರೀಸಿನ ಡಬ್ಬಿಗೆ ಹಾಕಿ, ಮುಚ್ಚಳ ಬಡಿದು,
ಪೈಂಟಿನಲ್ಲಿ ಬರೆದೆ: ಮುಟ್ಟಬೇಡಿ.
ಕೆಳಗೆ ಅಂದುಞಿಯ ಕೈಯಿಂದ ಮಲಯಾಳದಲ್ಲೂ ಬರೆಸಿದೆ.
ನಗುತ್ತಲೇ ಬರೆದ. ಬರೆಯುತ್ತ ಒಮ್ಮೆ ನಗು ನಿಲ್ಲಿಸಿದ.

ಸಂಜೆ ಪುರುಲಿಯಾದ ಹುಡುಗ,
ಕೆಲಸಕ್ಕೆ ಸೇರಿ ಹದಿನೈದು ದಿನವಾಗಿಲ್ಲ,
ಡಬ್ಬಿ ಇಳಿಸಿ ಬೆಳಕಿಗೆ ಹಿಡಿದ.
ಎರಡೂ ಸಾಲು ತಿರುಗಿಸಿ ತಿರುಗಿಸಿ ನೋಡಿ
ಏನಿದು ಎಂದು ಕಣ್ಣಲ್ಲೇ ಕೇಳಿದ.

ನನಗೂ ಗೊತ್ತಿಲ್ಲ ಎಂಬುದನ್ನು ಯಾವ ಭಾಷೆಯಲ್ಲಿ ಹೇಳಲಿ?
ಅಷ್ಟರಲ್ಲಿ ವಾರಿಜ ಬೆರಳೆತ್ತಿದಳು.
ಹೋದೆ. ಕಿಟಕಿಯಿಂದ ಕೈಯೊಂದನ್ನೇ ಒಳಗಿಟ್ಟು
ಹಾರ್ನು ಒತ್ತಿದೆ.