ಪೆಟ್ಟಿಗೆಗಳನ್ನು ಒಯ್ದಿರಿ

(ಪೂರ್ವ ತಿಮೋರ್, ಸೆಪ್ಟೆಂಬರ್ ೧೯೯೯)

ಪೆಟ್ಟಿಗೆ ಏಳು. ಮುದ್ರೆಯ ಸಂಖ್ಯೆಗಳನ್ನು
ನಾನೇ ಬರೆದುಕೊಂಡೆ, ಒಂದೊಂದನ್ನೂ ಎರಡೆರಡು ಸಲ ಓದಿ.
ನಿಮ್ಮ ಹುಡುಗ, ಬಿಸಿಲಿಗೆ ಕಿವಿಯ ತುದಿ ಸುಲಿದಿದ್ದವನು,
ಎಳೆದೆಳೆದು ನೋಡಿ
ಬಿಗಿಯಾಗಿದೆ, ಇನ್ನು ಯಾರೂ ಮುಟ್ಟಲಾರರು ಎಂದ.
ನಿಜ. ಯಾರೂ ಮುಟ್ಟಲಿಲ್ಲ.
ಶಾಲೆಯ ಬಯಲಲ್ಲಿ ಸುಣ್ಣದ ಗುರುತಿನ ಮೇಲೆ
ಇಳಿದ ಹೆಲಿಕಾಪ್ಟರು ಧೂಳೆಬ್ಬಿಸಿ
ಏಳನ್ನೂ ಕೂಸುಗಳ ಹಾಗೆ ಎತ್ತಿಕೊಂಡು
ಬೆಟ್ಟ ದಾಟಿತು.
ನಾವು ಕೈ ಬೀಸಿದೆವು.
ಕೈ ಬೀಸಿದವರ ಸಂಖ್ಯೆ ಯಾರೂ ಬರೆದುಕೊಳ್ಳಲಿಲ್ಲ.

*

ಮೇಲಿನ ಹಳ್ಳಿಯವರು ಹಿಂದಿನ ರಾತ್ರಿಯೇ ಹೊರಟಿದ್ದರು,
ಬೇಯಿಸಿದ ಮುಸುಕಿನ ಜೋಳ ಮಡಿಲಿಗೆ ಕಟ್ಟಿಕೊಂಡು.
ಓಲಂದಿನಾ ಅಜ್ಜಿಯನ್ನು ಮೊಮ್ಮಗ ಬೆನ್ನ ಮೇಲೆ ಹೊತ್ತು ತಂದ.
ಚೀಟಿ ಅವಳ ತುರುಬಿನೊಳಗಿತ್ತು,
ಎಣ್ಣೆ ಕುಡಿದು ಕುಡಿದು
ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗೆ.
ಹೆಬ್ಬೆಟ್ಟು ಒತ್ತಲೇ?
ಬೇಡ ಅಜ್ಜಿ. ಎರಡು ಚಿತ್ರ ಇವೆ.
ಬೇಕಾದ್ದಕ್ಕೆ ಈ ಮೊಳೆಯಿಂದ ಒಂದು ತೂತು.

ಅವಳು ಮರೆಯಲ್ಲಿ ಎಷ್ಟು ಹೊತ್ತು ನಿಂತಳೆಂದರೆ
ಸಾಲು ಗೊಣಗತೊಡಗಿತು.
ಹೊರಬಂದು ನನ್ನ ಕಿವಿಯಲ್ಲಿ ಹೇಳಿದಳು:
ಗಂಡನ ಹೆಸರು ಹೇಳಿದೆ, ದೊಡ್ಡ ಮಗಂದು ಹೇಳಿದೆ,
ಮಧ್ಯದವನ ಹೆಸರು ಬಾಯಿಗೆ ಬರಲೇ ಇಲ್ಲ ನೋಡು,
ಬರುವ ತನಕ ಕಾದು ಆಮೇಲೆ ಚುಚ್ಚಿದೆ.

*

ನೀವು ಹೇಳಿದ್ದಿರಿ. ಗೋಡೆಯಲ್ಲಿ ಅಂಟಿಸಿದ್ದಿರಿ:
ಮತದಾನ ಮುಗಿದ ಮೇಲೂ ನಾವಿಲ್ಲಿ ಉಳಿಯುತ್ತೇವೆ.
ತೇತುಮ್‌ಗೆ ತಿರುಗಿಸಿ ಕೂಗಿ ಹೇಳಿದವಳು ನಾನು.
ನಮ್ಮಲ್ಲಿ ಉಳಿಯುವುದಕ್ಕೂ ಬಾಳುವುದಕ್ಕೂ ಒಂದೇ ಮಾತು, ಹೇಲಾ.
ಜನ ನಂಬಿಬಿಟ್ಟರು,
ನೀವು ಇಲ್ಲೇ ಒಲೆ ಹೂಡುತ್ತೀರಿ ಎಂದು.

ಶನಿವಾರ ಬೆಳಿಗ್ಗೆ ರೇಡಿಯೋ:
ನೂರಕ್ಕೆ ಎಪ್ಪತ್ತೆಂಟು.
ನಾವು ಗೆದ್ದೆವು.
ಅಬೀಲಿಯೊ ದನಿ ತಗ್ಗಿಸಿ, ಎದ್ದು ಹೋಗಿ
ಬಾಗಿಲಿಗೆ ಅಗುಳಿ ಹಾಕಿದ.

ಮಧ್ಯಾಹ್ನ ಲಾರಿಗಳು ಬಂದವು. ತಲೆಗೆ ಕೆಂಪು ಬಿಳಿ ಪಟ್ಟಿ,
ಕೈಯಲ್ಲಿ ಕೊಳಾಯಿಯಿಂದ ಮಾಡಿದ ಬಂದೂಕು.
ಅವರ ಹತ್ತಿರವೂ ಒಂದು ಮತದಾರರ ಪಟ್ಟಿ ಇತ್ತು,
ನನ್ನದಕ್ಕಿಂತ ಅಚ್ಚುಕಟ್ಟು.
ಅಬೀಲಿಯೊನ ಹೆಸರಿಗೆ ಆಗಲೇ ಗೀಟು ಎಳೆದಿದ್ದರು,
ಅವನು ಇನ್ನೂ ಅವರೆದುರು ನಿಂತೇ ಇದ್ದ.

*

ಅಲ್ಲಿ ನಿಮ್ಮ ಉದ್ದನೆಯ ಮೇಜಿನ ಸುತ್ತ
ಮಾತು ನಡೆದಿದೆಯಂತೆ: ಆ ಸರಕಾರ ಕರೆಯದೆ ಹೋಗಲಾಗದು.
ಬೆಂಕಿ ಇಟ್ಟವನ ಅಪ್ಪಣೆ ಪಡೆದು
ನೀರು ತರುತ್ತೀರಾ?
ಉರಿವ ಮನೆಯಲ್ಲಿ ಗಳ ಹಿರಿಯುತ್ತಿದ್ದಾರೆ ಅವರು,
ಬಾವಿ ಎಲ್ಲಿ ತೋಡೋಣ ಎಂದು ನಕ್ಷೆ ಹಾಸಿದ್ದೀರಿ ನೀವು.

ನನಗೆ ಸೈನಿಕರು ಸೇರುವುದಿಲ್ಲ.
ಇಪ್ಪತ್ತನಾಲ್ಕು ವರ್ಷ ಬೂಟಿನ ಸದ್ದಿಗೆ ಎದ್ದವಳು.
ಯಾರ ಬೂಟಾದರೂ ಅಡುಗೆಮನೆಯ ತನಕ ಬರುತ್ತದೆ, ಗೊತ್ತು.
ಆದರೂ ಕರೆಯುತ್ತಿದ್ದೇನೆ, ನಾಚಿಕೆ ಬಿಟ್ಟು: ಬನ್ನಿ.
ಕಂಬಳಿ ಬೇಡ, ಖಂಡನೆಯ ಕಾಗದ ಬೇಡ.
ನಾವು ಹಾಕಿದ ತೂತು ಕಾಗದದಲ್ಲಿ ಕ್ಷೇಮವಾಗಿದೆ,
ಇಲ್ಲಿ ತೂತು ಬೀಳುತ್ತಿರುವುದು ಬೇರೆ ಕಡೆ.

*

ಫೋನು ನಿಮ್ಮ ಹುಡುಗ ಬಿಟ್ಟುಹೋದದ್ದು.
ಬ್ಯಾಟರಿಯ ಒಂದೇ ಗೆರೆ ಉಳಿದಿದೆ.
ನಾವು ಕಾಫಿ ತೋಟದ ಮೇಲಿನ ಗುಹೆಯಲ್ಲಿ ಮೂವತ್ತೊಂದು ಜನ.
ಅಲ್ಲ, ಮೂವತ್ತು.
ಓಲಂದಿನಾ ಅಜ್ಜಿ ಇದ್ದಾಳೆ. ಮೊಮ್ಮಗ ಇಲ್ಲ.
ಈಗ ಅವಳು ಹೇಳುವ ಹೆಸರು ನಾಲ್ಕು,
ಯಾವುದನ್ನೂ ಮರೆಯುತ್ತಿಲ್ಲ.

ಬರುವುದಾದರೆ ದಾರಿ ಕೇಳಬೇಕಿಲ್ಲ.
ಶಾಲೆ ಸುಟ್ಟಿದ್ದಾರೆ, ಬಯಲು ಸುಡಲಾಗಲಿಲ್ಲ,
ದನಗಳನ್ನು ಆಚೆ ಅಟ್ಟಿದ್ದೇವೆ.
ನೀವು ಇಳಿದಿದ್ದ ಗುರುತು ಗಾಳಿಗೆ ಮಾಸಿತ್ತು.
ನಿನ್ನೆ ರಾತ್ರಿ ಯಾರೋ, ನಾನಲ್ಲ,
ತೆವಳಿಕೊಂಡು ಹೋಗಿ ಮತ್ತೆ ಬಿಳಿ ಬಳಿದು ಬಂದಿದ್ದಾರೆ.
ಸುಣ್ಣ ಸಿಗಲಿಲ್ಲ.
ಬೂದಿ ಬೇಕಾದಷ್ಟಿತ್ತು.