ಹೆಗಲು ಮುಟ್ಟಿಕೊಂಡದ್ದು

ಬೈತಕೋಲದಲ್ಲಿ, ಐಸ್ ಫ್ಯಾಕ್ಟರಿಯ ಹಿಂದೆ
ಸಂಜೆ ಏಳರ ಇಂಗ್ಲಿಷ್ ಪಾಠ.
ಹಡಗಿನ ಕೆಲಸಕ್ಕೆ ಹೊರಟ ಹುಡುಗರು ಒಂಬತ್ತು ಜನ,
ತೊಳೆದ ಕೈಗೂ ಬಂಗಡೆಯ ವಾಸನೆ.
ಅವತ್ತು ಹೇಳಿಕೊಡಬೇಕಿದ್ದದ್ದು:
ಯಾರೋ ಏನೋ ಅಂದರೆ
ಇಂಗ್ಲಿಷಿನವರು ಹೇಗೆ ನೊಂದುಕೊಳ್ಳುತ್ತಾರೆ.

'ಟೊಪ್ಪಿ ಅಳತೆಗೆ ಬಂದರೆ ನೀನೇ ತೊಟ್ಟುಕೋ.'
'ಟೊಪ್ಪಿ ಹಾಕೋದು ಅಂದ್ರೆ ಮೋಸ ಅಲ್ವಾ ಅಕ್ಕೋರೆ?' ರೋಹಿದಾಸ ಕೇಳಿದ.
ಅಲ್ಲ ಮಾರಾಯ, ಇಲ್ಲಿ ಯಾರೂ ಹಾಕುವುದಿಲ್ಲ.
ಗಾಳಿಗೆ ಹಾರಿ ಬಂದದ್ದನ್ನು
ನಾವೇ ಓಡಿ ಹಿಡಿದು ತಲೆಗಿಟ್ಟುಕೊಳ್ಳುವುದು.

'ಮೂಗಿನ ಕೀಲು ತಪ್ಪಿತು' ಅಂದೆ.
ಸಾಂತಾನ ತನ್ನ ಮೂಗು ಹಿಡಿದು ಅಲ್ಲಾಡಿಸಿದ:
ಇದಕ್ಕೆ ಕೀಲೆಲ್ಲಿದೆ?
ನಮ್ಮ ಸಿಟ್ಟು ಅದರ ತುದಿಯಲ್ಲಿ ಕೂರುತ್ತದೆ ಅಷ್ಟೆ.

ಹೆಗಲ ಮೇಲೆ ಮರದ ಚಕ್ಕೆ ಇಟ್ಟುಕೊಂಡು
ಯಾರಾದರೂ ಬೀಳಿಸಲಿ ಎಂದೇ ತಿರುಗುವವನ ಬಗ್ಗೆ
ವಿವರಿಸುತ್ತಿದ್ದಾಗ ನನ್ನ ಕೈ
ನನ್ನನ್ನು ಕೇಳದೆ ಬಲಹೆಗಲಿಗೆ ಹೋಯಿತು.
'ಕುಂಬಳಕಾಯಿ!' ಹಿಂದಿನ ಬೆಂಚು.
ಎಲ್ಲ ನಕ್ಕರು. ನಾನೂ ನಕ್ಕೆ, ಅರ್ಧ.
ಸೀರೆಯ ಮೇಲೆ ಐದು ಬೆರಳಿನ ಸೀಮೆಸುಣ್ಣ,
ಬೂದುಗುಂಬಳದ ಪುಡಿಯಷ್ಟೇ ಬಿಳಿ.

ಅದು ಹನ್ನೊಂದನೇ ದಿನ.
ಮೀನುಪೇಟೆಯಲ್ಲಿ ಲೇಪೆಯ ಚರ್ಮ ಸುಲಿಯುತ್ತ
ಚಂದ್ರಭಾಗಿ ಪಕ್ಕದವಳಿಗೆ ಅಂದಿದ್ದಳು:
'ಕೆಲವರು ಕೊಳ್ಳೋದು ತಾರ್ಲೆ, ಮಾತು ಇಸೋಣದ್ದು.'
ಹೆಸರು ಹೇಳಿರಲಿಲ್ಲ.
ಬುಟ್ಟಿಯೆದುರು ಇನ್ನೂ ನಾಲ್ವರಿದ್ದರು.
ತಾರ್ಲೆ ಇದ್ದದ್ದು ನನ್ನ ಚೀಲದಲ್ಲಿ ಮಾತ್ರ.

ಅಂದಿನಿಂದ ಆ ಸಾಲಿಗೆ ಕಾಲಿಡಲಿಲ್ಲ.
ಸೈಕಲ್ಲಿನವನ ಹತ್ತಿರ
ಕಣ್ಣು ಗುಳಿಬಿದ್ದ ಮೀನು ಕೊಂಡೆ, ತಿಂದೆ,
ಚೆನ್ನಾಗಿದೆ ಎಂದು ಮನೆಯವರನ್ನೂ ಒಪ್ಪಿಸಿದೆ.
ರಾತ್ರಿ ಗೋಡೆಗೆ ಉತ್ತರ ಕೊಟ್ಟೆ,
ಒಂದಕ್ಕಿಂತ ಒಂದು ಹರಿತ.

ಪಾಠದ ಮಾರನೆ ಬೆಳಿಗ್ಗೆ ಹೋಗಿ ಕೇಳಿಯೇಬಿಟ್ಟೆ,
ಅವತ್ತು ಅಂದದ್ದು ಯಾರಿಗೆ?
'ಅಯ್ಯೋ ನಿಮಗಲ್ಲ' ಎನ್ನುತ್ತಾಳೆ,
'ಛೆ, ನಾನೇನೂ ಅಂದುಕೊಂಡಿರಲಿಲ್ಲ' ಎನ್ನುತ್ತೇನೆ,
ಹಾಗಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ.

ಕತ್ತಿ ಬದಿಗಿಟ್ಟು ತಲೆಯೆತ್ತಿದಳು.
'ನಿಮಗೇ ಅಂದದ್ದು. ಮತ್ಯಾರಿಗೆ?
ತಾಗೂಕೆ ಹನ್ನೆರಡು ದಿನ ಬೇಕಾಯ್ತಾ ಅಕ್ಕೋರೆ?'

ಹರಿತದ ಉತ್ತರಗಳೆಲ್ಲ ಗೋಡೆಯಲ್ಲೇ ಉಳಿದಿದ್ದವು.
'ಚೌಕಾಸಿ ಸ್ವಲ್ಪ ಜಾಸ್ತಿಯೇ ಮಾಡಿದೆ' ಅಂದೆ.
'ಮಾಡಿ. ಬೇಡ ಅಂದೋರು ಯಾರು?
ಬೆಂಡೆಕಾಯಿ ಮುರಿದು ನೋಡಿದ ಹಾಗೆ
ನನ್ನ ಮೀನಿನ ಬೆನ್ನು ಬಗ್ಗಿಸಬೇಡಿ, ಅಷ್ಟೆ.'

ಹೇಳುತ್ತಲೇ ಒಂದು ಲೇಪೆ ಎತ್ತಿ
ತಲೆಯ ಕಡೆಯಿಂದ ಒಂದೇ ಎಳೆತ.
ಇಷ್ಟು ತೆಳು ಚರ್ಮ, ಇಷ್ಟು ಸಲೀಸು.
ನನ್ನದು ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು.

ಮೂರು ಲೇಪೆ ಕೊಂಡೆ. ಹೇಳಿದ ದರಕ್ಕೆ ಅಲ್ಲ.

ಸೋಮವಾರದ ಪಾಠಕ್ಕೆ ಇನ್ನೊಂದು ನುಡಿ ಇದೆ:
ಆಡಿದ ಮಾತನ್ನು
ಚಿಟಿಕೆ ಉಪ್ಪಿನೊಡನೆ ತೆಗೆದುಕೋ.
ಸಾಣಿಕಟ್ಟೆಯ ಕಲ್ಲುಪ್ಪಲ್ಲಿ
ಬುಟ್ಟಿಗಟ್ಟಲೆ ಮೀನು ಒಣಗಿಸಿದ ಹುಡುಗರು,
ಕೇಳದೆ ಇರುವುದಿಲ್ಲ:
ಚಿಟಿಕೆ ಎಲ್ಲಿ ಸಾಕಾಗ್ತದೆ ಅಕ್ಕೋರೆ?