ಯಾವ ಕಡೆ ಮೇಲೆ?

ಗಾಂಧಿ ಬಜಾರಿನ ನನ್ನ ಫ್ರೇಮಿನಂಗಡಿಗೆ
ಬರುವುದು ದೇವರು, ತೀರಿಕೊಂಡವರು,
ಕರಿ ಗೌನು ತೊಟ್ಟ ಪದವೀಧರರು.
ತಲೆ ಯಾವ ಕಡೆ ಎಂದು ಯಾರನ್ನೂ ಕೇಳಿದ್ದಿಲ್ಲ.

ಭದ್ರಾವತಿಯ ಡ್ರಾಯಿಂಗ್ ಟೀಚರ್ ಲೂರ್ದಮ್ಮ
ಹಳೇ ಕ್ಯಾಲೆಂಡರಿನಲ್ಲಿ ಸುತ್ತಿ ತಂದರು:
ಕೊಡೆ ಹಿಡಿದು ಬಸ್ಸಿಗೆ ಕಾಯುವ ಮೀನು,
ಕಣ್ಣು ಬಾಲದಲ್ಲಿ.
ಬಸ್ಸೋ ಆಕಾಶದಿಂದ, ಅಡ್ಡಡ್ಡ.
ಒಂದಂಚಿಗೆ ಸಹಿ. ಎದುರಂಚಿಗೆ, ತಲೆಕೆಳಗಾಗಿ,
ಹನ್ನೆರಡರಲ್ಲಿ ಏಳನೆಯದು.

"ಯಾವ ಕಡೆ ಮೇಲೆ, ಟೀಚರ್?"
"ಗೋಡೆನೇ ಕೇಳಿ."

ಹವಾಯಿ ಚಪ್ಪಲಿಯ ಅಟ್ಟೆ ಕೊರೆದದ್ದಂತೆ.
ಉಂಗುಷ್ಟದ ತೂತು ಮೀನಿನ ಕಣ್ಣು,
ಹಿಂದಿನೆರಡು ಬಸ್ಸಿನ ದೀಪ.
ಮಸಿ ಬಳಿದು, ಕಾಗದ ಹಾಸಿ,
ಮೇಲೆ ಚಪಾತಿಯ ಲಟ್ಟಣಿಗೆ.
ಹಿಮ್ಮಡಿ ತುಳಿದು ತಗ್ಗಾದಲ್ಲಿ ಮಸಿ ಹಿಡಿಯಲಿಲ್ಲ,
"ಇರಲಿ, ಚಂದ್ರ" ಅಂದುಬಿಟ್ಟರಂತೆ.

ಕೊರೆದದ್ದು ಎಡಗಾಲಿನದು,
ಅಚ್ಚಿನಲ್ಲಿ ಬಲಗಾಲಾಗಿ ಎದ್ದಿತ್ತು.
ಅಂಗಡಿಯಲ್ಲಿ ಯಾರೂ ಇಲ್ಲದಾಗ
ಗಾಜಿನ ಪಕ್ಕ ನನ್ನ ಪಾದವನ್ನೂ ಇಟ್ಟು ನೋಡಿದೆ.
ಎರಡು ಬೆರಳು ಹೆಚ್ಚು.

ನಾಲ್ಕೂ ಬದಿಗೆ ಕೊಂಡಿ ಹೊಡೆದೆ,
ಒಂದರದ್ದೇ ದುಡ್ಡು ಹಿಡಿದೆ.
ಚೌಕಾಸಿ ಮಾಡಲಿಲ್ಲ ಟೀಚರ್.
ಕಂಕುಳಲ್ಲಿ ಮೀನು ಇಟ್ಟುಕೊಂಡು
ಬಸ್‌ಸ್ಟ್ಯಾಂಡಿನ ಕಡೆ ಹೊರಟರು,
ಬಲಗಾಲಲ್ಲಿ ನೀಲಿ ಚಪ್ಪಲಿ,
ಎಡಗಾಲಲ್ಲಿ ಹಸಿರು.